ಮಡಿಲ ಪಾಳಿ

ಬುಧವಾರ ಸಂಜೆ ಬಂಡಿ ಬಂದು ನಿಂತಾಗ ಇಂಚರಮ್ಮ ಗೇಟಿನ ಹತ್ತಿರವೇ ಕಾದು ನಿಂತಿದ್ದಳು. ಬಂಡಿಯೆಂದರೆ ಓಡಿಸುವವನಿಲ್ಲದ ಬಂಡಿ. ತಾನೇ ಬರುತ್ತೆ, ತಾನೇ ನಿಲ್ಲುತ್ತೆ, ತಾನೇ ಬಾಗಿಲು ತೆಗೆಯುತ್ತೆ. ಒಳಗಿಂದ ಮೊಮ್ಮಗಳು ಕೆಂಪಮ್ಮ ಇಳಿದಳು. ಐದು ತುಂಬಿದ ಕೂಸು. ಇಂಚರಮ್ಮನ ಕಣ್ಣು ಮೊದಲು ಹೋದದ್ದು ಕೂಸಿನ ಮುಖಕ್ಕಲ್ಲ, ತಲೆಗೆ. ಬೆಳಿಗ್ಗೆ ತಾನು ಬಿಗಿಯಾಗಿ ಹಾಕಿ ಕಳಿಸಿದ್ದ ಒಂಟಿ ಜಡೆ ಹೋಗಿ, ಅಲ್ಲಿ ಎರಡು ಜಡೆ ಬಂದಿದ್ದವು. ತುದಿಗೆ ಹಳದಿ ರಿಬ್ಬನ್ನಿನ ಹೂವು ಬೇರೆ.

"ಯಾರೇ ಹಾಕಿದ್ದು ಇದನ್ನ?" ಗೊತ್ತಿದ್ದೇ ಕೇಳಿದಳು.

"ಮೋನಜ್ಜಿ."

"ಬಾ ಇಲ್ಲಿ, ಕೂತ್ಕೋ."

ಜಗುಲಿಯ ಮೇಲೆ ಕೂರಿಸಿಕೊಂಡು ಎರಡು ಜಡೆಯನ್ನೂ ಬಿಚ್ಚಿದಳು. ರಿಬ್ಬನ್ನನ್ನು ಮುದುರಿ ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡಳು, ಮತ್ತೆ ಕೂಸಿನ ಕೈಗೆ ಸಿಗದಿರಲಿ ಅಂತ. ಕೂದಲಿನಿಂದ ಎಂಥದೋ ಬೇರೆ ಮನೆಯ ಎಣ್ಣೆ ವಾಸನೆ ಬಂತು. ಆ ವಾಸನೆಗೆ ಇಂಚರಮ್ಮನ ಹೊಟ್ಟೆಯೊಳಗೆ ಯಾರೋ ಒಲೆ ಊದಿದ ಹಾಗಾಯಿತು.

"ಅಜ್ಜೀ, ನೋಯುತ್ತೆ. ನೀನು ಎಳೀತೀಯ. ಮೋನಜ್ಜಿ ಎಳೆಯಲ್ಲ."

"ಎಳೆಯದೆ ಹಾಕಿದ ಜಡೆ ನಿಲ್ಲಲ್ಲ ಕಣೇ."

"ನಿಂತಿತ್ತು. ನೀನೇ ಬಿಚ್ಚಿದ್ದು."

ಹೆಸರು ಕೇಳಿ ನಗಬೇಡಿ. ಆ ಕಾಲಕ್ಕೆ ಇಂಚರ, ಮೋನಿಷಾ, ಲಾಸ್ಯ ಅನ್ನುವುದೆಲ್ಲ ಹಲ್ಲು ಬಿದ್ದ ಅಜ್ಜಿಯರ ಹೆಸರು. ಹುಟ್ಟಿದ ಕೂಸುಗಳಿಗೆ ಕೆಂಪಮ್ಮ, ಸಿದ್ದಮ್ಮ, ತಿಮ್ಮಯ್ಯ ಅಂತ ಇಡುವುದು ಹೊಸ ಶೋಕಿ. ಆದರೆ ಇಡುವುದಕ್ಕೆ ಕೂಸು ಹುಟ್ಟಬೇಕಲ್ಲ, ಅದೇ ಕಷ್ಟವಾಗಿತ್ತು.

ತುಮಕೂರು ಆಗ ಉಂಡು ಉಟ್ಟು ಮಿಕ್ಕುವಷ್ಟು ಸಿರಿಯಲ್ಲಿತ್ತು. ತುಮಕೂರೇನು, ದೇಶವೇ ಹಾಗಿತ್ತು. ಮನೆಯ ಸೂರೇ ಕರೆಂಟು ಕೊಡುತ್ತಿತ್ತು. ಯಂತ್ರ ಮುದ್ದೆ ತಿರುವುತ್ತಿತ್ತು, ಯಂತ್ರವೇ ಬೆನ್ನುಜ್ಜುತ್ತಿತ್ತು. ಸಕ್ಕರೆ ಕಾಯಿಲೆಗೆ ಒಂದು ಸೂಜಿ ಚುಚ್ಚಿದರೆ ಮುಗಿಯಿತು. ತೊಂಬತ್ತಕ್ಕೆ ಸತ್ತರೆ 'ಪಾಪ, ಬೇಗ ಹೋದರು' ಅನ್ನುತ್ತಿದ್ದರು. ಇಷ್ಟೆಲ್ಲ ಇದ್ದೂ ತೊಟ್ಟಿಲು ಮಾತ್ರ ತೂಗುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಕೆಲಸ ನಿಲ್ಲಲಿ ಅಂತ ಕಾದರು, ಮನೆ ಆಗಲಿ ಅಂತ ಕಾದರು, ಸರಿಯಾದ ಜೊತೆ ಸಿಗಲಿ ಅಂತ ಕಾದರು. ಕಾಯುತ್ತ ಕಾಯುತ್ತ ಹೊತ್ತು ಮೀರಿತು. ಸರ್ಕಾರ ಹಣ ಕೊಟ್ಟು ನೋಡಿತು, ರಜೆ ಕೊಟ್ಟು ನೋಡಿತು, ಬೈದೂ ನೋಡಿತು. ಬೀದಿಗೊಂದು ಕೂಸು ಕಂಡರೆ ಹೆಚ್ಚು ಅನ್ನುವ ಹಾಗಾಯಿತು. ಗಣಪತಿ ಬಿಡುವ ಮೆರವಣಿಗೆಯಲ್ಲಿ ತಮಟೆ ಹೊಡೆಯುವವರು ಎಪ್ಪತ್ತು ದಾಟಿದವರು, ಕುಣಿಯುವವರು ಎಂಬತ್ತು ದಾಟಿದವರು. ಪಟಾಕಿ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುವುದಕ್ಕೆ ಒಂದು ಮಗುವಿಲ್ಲ.

ಆಮೇಲೆ ಒಂದು ಕಾಯಿಲೆ ಶುರುವಾಯಿತು. ರಕ್ತ ಸರಿಯಿದೆ, ಎದೆ ಸರಿಯಿದೆ, ಆದರೂ ವಯಸ್ಸಾದವರು ಊಟ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಜನ ಅದನ್ನು ಬರಿಮಡಿಲು ಅಂತ ಕರೆದರು. ಯಾವ ಔಷಧಿಗೂ ಅದು ಬಗ್ಗಲಿಲ್ಲ. ಮನೆಯಲ್ಲಿ ಒಂದು ಮಗು ಓಡಾಡಿದರೆ ಮಾತ್ರ ಎದ್ದು ಕೂರುತ್ತಿದ್ದರು. ಡಾಕ್ಟರುಗಳು ಅದನ್ನು ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡ ಮೇಲೆ ಸರ್ಕಾರ ಕಾನೂನು ತಂತು. ಹಿಂದೆ ಕೆರೆಯ ನೀರು ಕಡಿಮೆಯಾದಾಗ ನೀರುಗಂಟಿ ನಿಂತು ಗದ್ದೆ ಗದ್ದೆಗೂ ಪಾಳಿ ಹಾಕಿ ಬಿಡುತ್ತಿದ್ದನಲ್ಲ, ಹಾಗೆ ಮಕ್ಕಳಿಗೂ ಪಾಳಿ. ಶುಕ್ರವಾರ, ಭಾನುವಾರ ಹೆತ್ತವರ ಹತ್ತಿರ. ಮಿಕ್ಕ ದಿನ ಗೊತ್ತುಮಾಡಿದ ಅಜ್ಜ ಅಜ್ಜಿಯರ ಮಡಿಲಲ್ಲಿ. ಅದೇ ಮಡಿಲ ಪಾಳಿ.

ಮೊದಮೊದಲು ಸ್ವಂತ ಅಜ್ಜಿಯರಿಗೇ ಕೊಟ್ಟರು. ಮೊಮ್ಮಕ್ಕಳಿಲ್ಲದವರು ಕೋರ್ಟಿಗೆ ಹೋದರು, ರಸ್ತೆಯಲ್ಲಿ ಕೂತರು. 'ನಾವು ತೆರಿಗೆ ಕಟ್ಟಿಲ್ಲವಾ, ನಾವು ಸಾಯಬೇಕಾ?' ಅಂದರು. ಅದೂ ನ್ಯಾಯವೇ. ಆಮೇಲಿಂದ ರಕ್ತಸಂಬಂಧ ಲೆಕ್ಕಕ್ಕಿಲ್ಲ, ಮಣಿ ಹೇಳಿದ್ದೇ ಲೆಕ್ಕ ಅಂತಾಯಿತು.

ಮಣಿ ಅಂದರೆ ಹುಣಸೆಬೀಜದಷ್ಟು ಗಾತ್ರದ್ದು, ಮಗುವಿನ ಮಣಿಕಟ್ಟಿಗೆ ಕಟ್ಟಿರುತ್ತಾರೆ. ನಾಡಿಯ ಬಡಿತ, ಚರ್ಮದ ಬೆವರು ಎರಡನ್ನೂ ಅದು ಹಿಡಿಯುತ್ತೆ. ಮಗು ನೆಮ್ಮದಿಯಾಗಿದ್ದರೆ ಹಸಿರು ಬೆಳಕು, ಹೆದರಿದರೆ ಅತ್ತರೆ ಕೆಂಪು. ಆರಕ್ಕೆ ಕಾಲಿಡುವ ಮಕ್ಕಳನ್ನು ಅಲ್ಲಿ ಇಲ್ಲಿ ಓಡಾಡಿಸಬಾರದೆಂದು ಸಂಕ್ರಾಂತಿಯ ದಿನ ಒಬ್ಬರನ್ನೇ ಗೊತ್ತುಮಾಡುತ್ತಿದ್ದರು. ಅವರು ತಲೆಮಡಿಲು. ವಾರದ ಪಾಳಿಯೆಲ್ಲ ಅವರಿಗೆ. ಸೋತವರಿಗೆ ಹಬ್ಬ ಹುಣ್ಣಿಮೆಗೆ ಒಂದು ಭೇಟಿ.

ಕೆಂಪಮ್ಮನಿಗೆ, ಅಂದರೆ ಮನೆಯವರ ಕೆಂಪಿಗೆ, ಆಗ ಎರಡು ಮಡಿಲು. ಸೋಮವಾರ, ಮಂಗಳವಾರ, ಗುರುವಾರ ಇಂಚರಮ್ಮನದು. ಬುಧವಾರ, ಶನಿವಾರ ಅಮಾನಿಕೆರೆ ದಂಡೆಯ ಮೇಲಿನ ಮೋನಿಷಾಳದು. ಮದುವೆಯಾಗದೆ, ಹೆರದೆ, ಅರವತ್ತೈದಕ್ಕೂ ಬಾಯಿತುಂಬ ನಗುತ್ತಿದ್ದ ಹೆಂಗಸು. ಅವಳ ಪಾಳಿಯ ದಿನ ಬೆಳಿಗ್ಗೆ ಬಂಡಿ ಇಂಚರಮ್ಮನ ಮನೆಯಿಂದ ಕೂಸನ್ನು ಒಯ್ದು ಸಂಜೆ ವಾಪಸ್ ತರುತ್ತಿತ್ತು. ಸಂಕ್ರಾಂತಿಗೆ ಇನ್ನು ಎರಡು ತಿಂಗಳಿತ್ತು.

*

ಮಾರನೆಯ ವಾರ ಇಂಚರಮ್ಮ ಒಂದು ಡಬ್ಬಿ ಚಕ್ಕುಲಿ ಕಟ್ಟಿಕೊಂಡು ಪಾಳಿಮನೆಗೆ ಹೋದಳು. ಪಾಳಿಮನೆ ಇದ್ದದ್ದು ಹಿಂದೆ ಹೆರಿಗೆ ಆಸ್ಪತ್ರೆಯಾಗಿದ್ದ ಕಟ್ಟಡದಲ್ಲಿ. ಹೆರಿಗೆ ನಿಂತ ಮೇಲೆ ಕಟ್ಟಡ ಖಾಲಿ ಬಿದ್ದಿತ್ತು. ಅಲ್ಲಿ ಕೂತು ನೋಡಿಕೊಳ್ಳುತ್ತಿದ್ದವನು ಮರಿಸ್ವಾಮಿ, ಇಂಚರಮ್ಮನ ತವರಿನ ಕಡೆಯ ಹುಡುಗ. ಹುಡುಗ ಅಂದರೆ ನಲವತ್ತರ ಮೇಲಿನವನು. ಆ ಊರಿಗೆ ಅವನೇ ಹುಡುಗ.

ಒಂದು ಗೋಡೆಯ ಪೂರ್ತಿ ಕಪ್ಪು ಹಲಗೆ. ಅದರ ಮೇಲೆ ಊರಿನ ಬೀದಿಗಳು, ಬೀದಿಗಳ ಮೇಲೆ ಅಲ್ಲೊಂದು ಇಲ್ಲೊಂದು ದೀಪ. ಕಾರ್ತಿಕದಲ್ಲಿ ಎಣ್ಣೆ ಸಾಲದೆ ಬಿಟ್ಟು ಬಿಟ್ಟು ಹಚ್ಚಿಟ್ಟ ಹಾಗಿತ್ತು. ಒಂದೊಂದು ದೀಪವೂ ಒಂದೊಂದು ಮಗು.

"ನಮ್ಮ ಕೆಂಪಿ ಯಾವುದಪ್ಪ ಇದರಲ್ಲಿ?"

"ತೋರಿಸೋ ಹಾಗಿಲ್ಲ ಅಜ್ಜಿ. ಕೆಲಸ ಹೋಗುತ್ತೆ."

"ತೋರಿಸಬೇಡ ಬಿಡು. ನೀನು ಸುಮ್ಮನೆ ಅದರ ಕಡೆ ನೋಡು, ನಾನು ನಿನ್ನ ಕಣ್ಣು ನೋಡ್ಕೋತೀನಿ."

ಮರಿಸ್ವಾಮಿ ನಕ್ಕು ಕೆರೆಯ ಕಡೆ ನೋಡಿದ. ಅವತ್ತು ಬುಧವಾರ. ಕೆರೆ ದಂಡೆಯ ಮೇಲೆ ಒಂದು ದೀಪ ಹಸಿರಾಗಿ, ಅಲುಗದೆ, ತಂಪಾಗಿ ಉರಿಯುತ್ತಿತ್ತು. ಇಂಚರಮ್ಮ ಅದನ್ನೇ ನೋಡುತ್ತ ನಿಂತಳು. ತನ್ನ ಮನೆಯಲ್ಲಿದ್ದಾಗಲೂ ಕೆಂಪಿಯ ಮಣಿ ಹೀಗೇ ಹಸಿರಾಗಿರುತ್ತೆ. ಇಲ್ಲಿಯೂ ಹೀಗೇ ಇರಬೇಕಾ? ಒಂದು ಚೂರಾದರೂ ಮಾಸಬಾರದಾ? ತಾನಿಲ್ಲದ ಕಡೆ ಕೂಸು ಅಳುತ್ತಿರಲಿ ಅಂತ ಅವಳೇನೂ ಬಯಸಲಿಲ್ಲ. ಆದರೆ ಇಷ್ಟು ಸುಖವಾಗಿರುವುದನ್ನು ಕಣ್ಣಾರೆ ನೋಡುವುದು ಆಗಲಿಲ್ಲ.

"ಹಸಿರಿದ್ರೆ ಒಳ್ಳೇದು, ಕೆಂಪಾದ್ರೆ ಕೆಟ್ಟದ್ದು. ಅಷ್ಟೇ ತಾನೇ?"

ಮರಿಸ್ವಾಮಿಯ ಬಾಯಿತುಂಬ ಚಕ್ಕುಲಿ. "ಅಷ್ಟೇ ಅಂದ್ರೆ... ಅಷ್ಟೇ ಅಲ್ಲ ಅಜ್ಜಿ, ಅಂಕ ಹಾಕೋ ರೀತಿ ಬೇರೆ ಇದೆ, ಕೂತ್ಕೊಳ್ಳಿ ಹೇಳ್ತೀನಿ—"

ಇಂಚರಮ್ಮ ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಅವಳಿಗೆ ಬೇಕಾದ್ದು ಸಿಕ್ಕಿತ್ತು.

ಆ ಕಾಲದ ಮಕ್ಕಳಿಗೆ ಗುಮ್ಮ ಅಂದರೆ ಗೊತ್ತಿರಲಿಲ್ಲ. ಮಕ್ಕಳೇ ಅಪರೂಪವಾದ ಮೇಲೆ ಅವರನ್ನು ಹೆದರಿಸುವ ಎದೆ ಯಾರಿಗಿದ್ದೀತು? ಗುಮ್ಮನೂ ಕೆಲಸವಿಲ್ಲದೆ ಊರು ಬಿಟ್ಟು ಹೋಗಿದ್ದ. ಇಂಚರಮ್ಮ ಅವನನ್ನು ವಾಪಸ್ ಕರೆಸಿಕೊಂಡಳು.

ಅದಕ್ಕೂ ಒಂದು ಹೊತ್ತು ನೋಡಿದಳು. ಮೊದಲೇ ಹೇಳಿದರೆ ತನ್ನ ಮನೆಯಲ್ಲೇ ಮಣಿ ಕೆಂಪಾಗುತ್ತೆ, ಕೆಟ್ಟ ಹೆಸರು ತನಗೆ ಬರುತ್ತೆ. ಬಂಡಿ ಬಾಗಿಲು ತೆರೆದರೆ ಪಾಳಿ ಮೋನಿಷಾಳದು, ಅದಕ್ಕೇ ಬಂಡಿ ಬೀದಿಯ ತಿರುವಿಗೆ ಬಂದಾಗ ಹೇಳಬೇಕು. ಆಗ ಬಿತ್ತಿದ ಹೆದರಿಕೆ ದಾರಿಯಲ್ಲಿ ಮೊಳೆತು ಮೋನಿಷಾಳ ಮನೆ ತಲುಪುವಷ್ಟರಲ್ಲಿ ಗಿಡವಾಗಿರುತ್ತೆ.

"ಕೆಂಪೀ, ಮೋನಜ್ಜಿ ಮನೆ ಅಟ್ಟ ನೋಡಿದ್ದೀಯಾ?"

"ಹೂಂ. ಅಲ್ಲಿ ಪೆಟ್ಟಿಗೆ ಇದೆ."

"ಪೆಟ್ಟಿಗೆ ಹಿಂದೆ ಗುಮ್ಮ ಇದ್ದಾನೆ. ಯಾರಿಗೂ ಹೇಳಬೇಡ."

"ಗುಮ್ಮ ಅಂದ್ರೆ ಯಾರು?"

"ಕರ್ರಗೆ ಇರ್ತಾನೆ, ಕಂಬಳಿ ಹೊದ್ದಿರ್ತಾನೆ. ಮಕ್ಕಳನ್ನ ಗೋಣಿಚೀಲದೊಳಗೆ ಹಾಕ್ಕೊಂಡು ಹೋಗ್ತಾನೆ. ಜಡೆ ಹಾಕಿದ ಮಕ್ಕಳಂದ್ರೆ ಅವನಿಗೆ ಇಷ್ಟ. ಅದರಲ್ಲೂ ಎರಡು ಜಡೆ ಹಾಕಿದ್ರೆ ಕೇಳೋದೇ ಬೇಡ."

ಕೆಂಪಿಯ ಕಣ್ಣು ಅಗಲವಾಯಿತು. ಬಂಡಿಯ ಬಾಗಿಲು ಮುಚ್ಚಿಕೊಳ್ಳುವಾಗ ಗಾಜಿನ ಹಿಂದೆ ಅವಳ ಮಣಿಕಟ್ಟಿನಲ್ಲಿ ಕೆಂಪು ಬೆಳಕು ಮಿನುಗಿತು. ಇಂಚರಮ್ಮ ಒಳಗೆ ಬಂದು ಒಂದು ಲೋಟ ಕಾಫಿ ಕಾಯಿಸಿಕೊಂಡು ಕುಡಿದಳು. ತುಂಬ ದಿನದ ಮೇಲೆ ಕಾಫಿ ರುಚಿಯಾಗಿತ್ತು.

ಆಮೇಲೆ ಪ್ರತಿ ಪಾಳಿಗೂ ಗುಮ್ಮ ಸ್ವಲ್ಪ ಸ್ವಲ್ಪ ಬೆಳೆದ. ಒಂದು ದಿನ ಅವನಿಗೆ ಉಗುರು ಬಂತು, ಇನ್ನೊಂದು ದಿನ ಕೋರೆಹಲ್ಲು ಬಂತು. ಕೆಂಪಿ ಬಂಡಿ ಹತ್ತುವಾಗ ಅಳತೊಡಗಿದಳು, ಅಜ್ಜಿಯ ಸೆರಗು ಹಿಡಿದುಕೊಳ್ಳತೊಡಗಿದಳು. ಆ ಸಣ್ಣ ಬೆರಳುಗಳನ್ನು ಒಂದೊಂದಾಗಿ ಬಿಡಿಸುವಾಗ ಇಂಚರಮ್ಮನಿಗೆ ಸಂಕಟವಾಗುತ್ತಿತ್ತು. ಸಂಕಟದ ಹಿಂದೆಯೇ ಒಂದು ಸಿಹಿಯೂ ಇರುತ್ತಿತ್ತು. ನನ್ನನ್ನು ಬಿಟ್ಟು ಹೋಗಲಾರಳು, ನೋಡಲಿ ಅವಳು, ಅನ್ನುವ ಸಿಹಿ.

ಒಂದು ಶನಿವಾರ ಸಂಜೆ ಮೋನಿಷಾಳೇ ಕೂಸಿನ ಜೊತೆ ಬಂಡಿಯಲ್ಲಿ ಬಂದಳು. ಕೆಂಪಿ ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಇಂಚರಮ್ಮನ ಹೆಗಲಿಗೆ ಬದಲಾಯಿಸುವಾಗ ಕೂಸು ಮುಲುಗಿ ಮತ್ತೆ ಆ ಕಡೆಗೇ ವಾಲಿತು. ಇಂಚರಮ್ಮ ಅದನ್ನು ನೋಡಿಯೂ ನೋಡದವಳಂತೆ ಇದ್ದಳು.

"ಇಂಚರಕ್ಕ, ಒಂದು ಮಾತು ಕೇಳಬೇಕಿತ್ತು," ಅಂದಳು ಮೋನಿಷಾ ಸಂಕೋಚದಿಂದ. "ನಾನು ಮಾಡಿದ ಉಪ್ಸಾರು ನಮ್ಮಜ್ಜಿ ಮಾಡಿದ ಹಾಗಿಲ್ಲ ಅಂತಾಳೆ ನಿಮ್ಮ ಮೊಮ್ಮಗಳು. ಖಾರಕ್ಕೆ ನೀವೇನೇನು ಹಾಕ್ತೀರ?"

ಇಂಚರಮ್ಮನ ಮುಖ ಅರಳಿತು. "ಅದೇನು ಮಹಾ. ಒಣಮೆಣಸಿನಕಾಯಿ, ಜೀರಿಗೆ, ಹುಣಸೆಹಣ್ಣು, ಉಪ್ಪು. ಅರೆದರಾಯ್ತು." ಕೆಂಡದ ಮೇಲೆ ಸುಟ್ಟು ಹಾಕುವ ಬೆಳ್ಳುಳ್ಳಿಯನ್ನು ಹೇಳಲಿಲ್ಲ. ಮೆಣಸನ್ನೂ ಹೇಳಲಿಲ್ಲ. ಹುಣಸೆಹಣ್ಣು ಸ್ವಲ್ಪ ಜಾಸ್ತಿಯೇ ಹಾಕು ಅಂದಳು.

"ಇನ್ನೊಂದಕ್ಕ. ಈಚೆಗೆ ಕೂಸು ಬರುವಾಗಲೇ ಹೆದರಿಕೊಂಡು ಬರುತ್ತೆ. ಬೆಳಿಗ್ಗೆಯೆಲ್ಲ ನನ್ನ ಮಡಿಲು ಬಿಟ್ಟು ಇಳಿಯಲ್ಲ. ಏನಾದ್ರೂ ಕಂಡು ಬೆಚ್ಚಿಬಿದ್ದಳಾ?"

"ಹೊಸ ಜಾಗ ನೋಡಮ್ಮ. ಮಕ್ಕಳಿಗೆ ಒಗ್ಗಲ್ಲ."

"ಎರಡು ವರ್ಷದಿಂದ ಬರ್ತಿದ್ದಾಳಲ್ಲಕ್ಕ."

"ಕೆಲವರಿಗೆ ಎಷ್ಟು ವರ್ಷವಾದ್ರೂ ಒಗ್ಗಲ್ಲ," ಅಂದು ಇಂಚರಮ್ಮ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಮರುದಿನ ಭಾನುವಾರ, ಕೂಸನ್ನು ಮಗಳ ಮನೆಗೆ ಬಿಡಬೇಕಿತ್ತು.

ಮಗಳು ಓಜಸ್ವಿಯ ಮನೆ ಕ್ಯಾತ್ಸಂದ್ರದ ಕಡೆಯ ಎತ್ತರದ ಕಟ್ಟಡದಲ್ಲಿ. ಮನೆಯಲ್ಲೇ ಕೂತು, ಎಲ್ಲೋ ಸಮುದ್ರದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ತಟ್ಟೆ ಇಡ್ಲಿ ಬಡಿಸುತ್ತ ಮಗಳು ನೇರವಾಗಿ ಕೇಳಿದಳು:

"ಅಮ್ಮ, ಗುಮ್ಮ ಅಂದ್ರೆ ಯಾರು?"

"ಯಾರು ಹೇಳಿದ್ರು?"

"ನಿನ್ನ ಮೊಮ್ಮಗಳು. ಮಂಚದ ಕೆಳಗೆ ನೋಡದೆ ಮಲಗಲ್ಲ ಅಂತಾಳೆ. ನಿನಗೆ ಬುದ್ಧಿ ಇದೆಯಾ?"

"ನಿನ್ನನ್ನೂ ಗುಮ್ಮನ ಹೆಸರು ಹೇಳೇ ಬೆಳೆಸಿದ್ದು. ಏನಾಗಿದ್ದೀಯ?"

"ಆ ಮೋನಮ್ಮ ಒಳ್ಳೆಯವರಮ್ಮ. ಅವರಿಗೂ ಒಂದು ಮಗು ಬೇಡ್ವಾ?"

"ಬೇಕಿದ್ರೆ ಹೆರಬೇಕಿತ್ತು. ಹೆತ್ತೋಳು ನಾನು, ಹೆತ್ತೋಳನ್ನ ಹೆತ್ತೋಳು ನಾನು. ಬಂದು ಕೂತು ರಿಬ್ಬನ್ ಕಟ್ಟೋದಕ್ಕೆ ಅವಳ್ಯಾರು?" ಇಡ್ಲಿಯನ್ನು ಚಟ್ನಿಯಲ್ಲಿ ಹೊರಳಿಸಿದಳು. "ನೀನಾದ್ರೂ ಇನ್ನೊಂದು ಹೆತ್ತಿದ್ರೆ ಈ ಪಾಡು ಬರ್ತಿತ್ತಾ? ಅವಳಿಗೊಂದು ನನಗೊಂದು ಆಗ್ತಿತ್ತು."

ಓಜಸ್ವಿ ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. "ಹೆತ್ತ ಒಂದನ್ನೇ ವಾರಕ್ಕೆರಡು ದಿನ ನೋಡ್ತಿದ್ದೀನಿ. ಇನ್ನೊಂದನ್ನೂ ಹೆತ್ತು ಊರಿಗೆ ಹಂಚಲಾ?" ಅಂದಳು.

ಇಂಚರಮ್ಮನ ಮನಸ್ಸಿಗೆ ಆ ಮಾತು ತಾಕಲಿಲ್ಲ ಅಂತಲ್ಲ. ಆದರೆ ಹೊಟ್ಟೆಯಲ್ಲಿ ಉರಿಯಿದ್ದವರಿಗೆ ಬೇರೆಯವರ ಗಾಯ ದೂರದಲ್ಲಿ ಕಾಣುತ್ತೆ. ಸಂಕ್ರಾಂತಿಗೆ ಉಳಿದ ಪಾಳಿ ಎಷ್ಟು ಅಂತ ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು.

*

ಸಂಕ್ರಾಂತಿಯ ದಿನ ಪಾಳಿಮನೆಯ ಅಂಗಳದಲ್ಲಿ ಕಬ್ಬು ಕಟ್ಟಿದ್ದರು. ಇಂಚರಮ್ಮ ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟು, ಎಳ್ಳುಬೆಲ್ಲದ ತಟ್ಟೆ ಹಿಡಿದು ಮುಂದಿನ ಸಾಲಿನಲ್ಲೇ ಕೂತಳು. ಮೋನಿಷಾ ಹಿಂದೆ ಎಲ್ಲೋ ಮುದುಡಿ ಕೂತಿದ್ದಳು. ಮರಿಸ್ವಾಮಿ ಒಂದೊಂದೇ ಮಗುವಿನ ಹೆಸರು ಕೂಗಿ ತಲೆಮಡಿಲಿನ ಹೆಸರು ಹೇಳುತ್ತಿದ್ದ. ಕೆಲವರು ಅತ್ತರು, ಕೆಲವರು ನೆಲ ಮುಟ್ಟಿ ನಮಸ್ಕಾರ ಮಾಡಿದರು.

"ಕೆಂಪಮ್ಮ, ತಾಯಿ ಓಜಸ್ವಿ. ತಲೆಮಡಿಲು, ಮೋನಿಷಾ."

ಇಂಚರಮ್ಮ ಆಗಲೇ ಅರ್ಧ ಎದ್ದಿದ್ದಳು. ಎದ್ದವಳು ಹಾಗೇ ನಿಂತಳು. ಹಿಂದಿನಿಂದ ಮೋನಿಷಾ ಬಂದು ಅವಳ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಅಕ್ಕ, ನೀವು ಯಾವಾಗ ಬೇಕಾದ್ರೂ ಬನ್ನಿ. ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ."

ತನ್ನ ಮೊಮ್ಮಗಳನ್ನು ನೋಡಲು ಬಾ ಅಂತ ತನ್ನನ್ನೇ ಕರೆಯುತ್ತಿದ್ದಾಳೆ! ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಒಳ್ಳೆಯತನ ಸುಣ್ಣದ ನೀರಿನ ಹಾಗೆ ಸುಟ್ಟಿತು. ಕೈ ಕಿತ್ತುಕೊಂಡು ಸೀದಾ ಒಳಗೆ, ಆ ದೀಪದ ಗೋಡೆಯ ಕೋಣೆಗೆ ನುಗ್ಗಿದಳು. ಮರಿಸ್ವಾಮಿ ಹಿಂದೆಯೇ ಓಡಿಬಂದ.

"ಇದೇನೋ ಅನ್ಯಾಯ? ಅವಳ ಮನೆಗೆ ಹೋದಾಗೆಲ್ಲ ಕೂಸು ಕೆಂಪಾಗಿರಲಿಲ್ಲವಾ? ನನ್ನ ಮನೆಯಲ್ಲಿ ಒಂದು ಸಲವಾದ್ರೂ ಕೆಂಪಾಗಿದ್ದುಂಟಾ?"

"ಇಲ್ಲ ಅಜ್ಜಿ. ನಿಮ್ಮ ಮನೇಲಿ ಯಾವಾಗಲೂ ಹಸಿರು."

"ಮತ್ತೆ?"

"ಅದಕ್ಕೇ ಅಂಕ ಇಲ್ಲ." ಮರಿಸ್ವಾಮಿ ತಲೆ ಕೆರೆದುಕೊಂಡ. "ಅವತ್ತು ಹೇಳೋಣ ಅಂದ್ರೆ ನೀವು ನಿಲ್ಲಲಿಲ್ಲ. ಹಸಿರು ಮಿಠಾಯಿಗೂ ಬರುತ್ತೆ, ಬೊಂಬೆಗೂ ಬರುತ್ತೆ, ಆಡಿಸೋ ಯಂತ್ರ ತಂದಿಟ್ರೂ ಬರುತ್ತೆ. ಬರೀ ಹಸಿರು ನೋಡಿ ಕೊಡೋದಾದ್ರೆ ಮಕ್ಕಳನ್ನ ಯಂತ್ರಕ್ಕೇ ಕೊಡಬೇಕು. ಮಣಿ ನೋಡೋದು ಕೆಂಪು ಯಾರ ಹತ್ತಿರ ಹಸಿರಾಯ್ತು ಅಂತ. ಹೆದರಿದ ಮಗು ಯಾರ ಮಡಿಲಲ್ಲಿ ಹೆದರಿಕೆ ಬಿಡುತ್ತೋ, ಅದೇ ಮಡಿಲು. ಮೊದಲೆಲ್ಲ ನೀವಿಬ್ರೂ ಸಮಸಮ ಇದ್ರಿ. ಈ ಎರಡು ತಿಂಗಳಲ್ಲಿ ಏನಾಯ್ತೋ ಗೊತ್ತಿಲ್ಲ, ಕೂಸು ಪ್ರತಿ ಸಲ ಕೆಂಪಾಗಿ ಹೋಗೋದು, ಅಲ್ಲಿ ಹಸಿರಾಗೋದು. ಅವರ ಅಂಕ ಆಕಾಶಕ್ಕೆ ಹೋಗಿಬಿಡ್ತು."

ಇಂಚರಮ್ಮ ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತಳು. ಎಳ್ಳುಬೆಲ್ಲದ ತಟ್ಟೆ ಇನ್ನೂ ಕೈಯಲ್ಲೇ ಇತ್ತು. ಮೋನಿಷಾಳ ಮಡಿಲಿಗೆ ಕೂಸನ್ನು ತಾನೇ ತಳ್ಳಿ ತಳ್ಳಿ ಕೂರಿಸಿದ್ದಳು. ಗುಮ್ಮನಿಗೆ ಉಗುರು ಬರಿಸಿದವಳು ತಾನು. ಆ ಉಗುರಿನಿಂದ ಕಾಪಾಡಿದ ಪುಣ್ಯ ಅವಳಿಗೆ.

"ಏನೂ ದಾರಿ ಇಲ್ಲವೇನೋ?"

"ಮರುಪರೀಕ್ಷೆ ಕೇಳಬಹುದು. ಒಂದೇ ದಿನ, ಹೊತ್ತು ಮುಳುಗೋವರೆಗೆ. ನಿಮ್ಮ ಮಡಿಲಲ್ಲಿ ಒಂದು ಸಲ ಕೆಂಪು ಹಸಿರಾದ್ರೆ ಸಾಕು, ಮತ್ತೆ ಸಮಸಮ ಅಂತ ಬರ್ಕೊಂಡು ಮೊದಲಿನ ಪಾಳಿ ಒಂದು ವರ್ಷ ಮುಂದುವರಿಸ್ತಾರೆ." ಮರಿಸ್ವಾಮಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಕೆಲವರು ಏನ್ಮಾಡ್ತಾರೆ ಅಂದ್ರೆ ಅಜ್ಜಿ, ತಾವೇ ಹೆದರಿಸಿ ತಾವೇ ಎತ್ಕೋತಾರೆ. ಮಣಿಗೆ ಅದು ಗೊತ್ತಾಗಲ್ಲ. ನಾನೇನೂ ಹೇಳಿಲ್ಲ."

*

ಮರುಪರೀಕ್ಷೆಯ ದಿನ ಮಧ್ಯಾಹ್ನದವರೆಗೂ ಮಣಿ ಹಸಿರಾಗೇ ಇತ್ತು. ಕೆಂಪಿ ಮುದ್ದೆ ಉಂಡಳು, ಉಪ್ಸಾರಿನ ಖಾರ ಇನ್ನೊಂದು ಚೂರು ಹಾಕಿಸಿಕೊಂಡಳು, ಅಂಗಳದಲ್ಲಿ ಕುಂಟಾಬಿಲ್ಲೆ ಆಡಿದಳು. ಬೇರೆ ದಿನವಾಗಿದ್ದರೆ ಇಂಚರಮ್ಮ ಅದನ್ನು ನೋಡಿ ಕಣ್ಣು ತುಂಬಿಕೊಳ್ಳುತ್ತಿದ್ದಳು. ಅವತ್ತು ಆ ಹಸಿರು ಅವಳನ್ನು ಅಣಕಿಸುತ್ತಿತ್ತು.

"ಬಾ ಕೆಂಪೀ, ಸ್ಕೂಲಿಗೆ ಹೋಗೋಣ."

ಬೀದಿಯ ಕೊನೆಯಲ್ಲಿ ಒಂದು ಸ್ಕೂಲಿತ್ತು. ಮಕ್ಕಳಿಲ್ಲದೆ ಮುಚ್ಚಿ ವರ್ಷಗಳಾಗಿದ್ದವು. ಗೇಟಿಗೆ ಬೀಗವೂ ಇರಲಿಲ್ಲ, ಕದಿಯುವವರು ಯಾರು, ಏನನ್ನು? ಉದ್ದನೆಯ ಪಡಸಾಲೆ, ಸಾಲಾಗಿ ಕೋಣೆಗಳು, ಒಂದರ ಮೇಲೊಂದು ಪೇರಿಸಿಟ್ಟ ಬೆಂಚುಗಳು. ಮಾತಾಡಿದರೆ ಮಾತು ಹೋಗಿ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು.

"ಕಣ್ಣಾಮುಚ್ಚಾಲೆ ಆಡೋಣ. ಕಂಬಕ್ಕೆ ಒರಗಿ ಕಣ್ಣು ಮುಚ್ಚು. ನಾನು ಅಡಗ್ಕೋತೀನಿ."

ಕೆಂಪಿ ಕಣ್ಣು ಮುಚ್ಚಿದಳು. ಇಂಚರಮ್ಮ ಕಾಲ ಸದ್ದಾಗದ ಹಾಗೆ ಮೂರನೆಯ ಕೋಣೆಗೆ ಹೋಗಿ ಬಾಗಿಲ ಹಿಂದೆ ನಿಂತಳು. ಬಾಗಿಲ ಸಂದಿನಿಂದ ಪಡಸಾಲೆ ಪೂರ್ತಿ ಕಾಣುತ್ತಿತ್ತು. ಸ್ವಲ್ಪ ಹೊತ್ತು ಹುಡುಕಲಿ, ಸಿಗಲಿಲ್ಲ ಅಂತ ಹೆದರಲಿ, ಆಗ ಓಡಿಹೋಗಿ ಎತ್ತಿಕೊಂಡರಾಯಿತು. ಅಷ್ಟೇ. ಯಾವ ಅಜ್ಜಿ ಮಾಡದ್ದು ಇದು?

"ಅಜ್ಜೀ, ಬರ್ತೀನಿ!"

ಮೊದಲ ಕೋಣೆಯಲ್ಲಿ ನೋಡಿದಳು, ಎರಡನೆಯದರಲ್ಲಿ ನೋಡಿದಳು. ಅಲ್ಲಿ ಒಂದು ಪಾರಿವಾಳ ಪಟಪಟ ಎದ್ದು ಕಿಟಕಿಗೆ ಬಡಿದು ಹಾರಿತು. ಕೆಂಪಿ ಚೀರಿ ಪಡಸಾಲೆಗೆ ಓಡಿಬಂದಳು. "ಅಜ್ಜೀ?" ಅಂದಳು. 'ಅಜ್ಜೀ?' ಅಂತ ಗೋಡೆಯೂ ಅಂತು. ಆ ಸದ್ದಿಗೆ ಇನ್ನಷ್ಟು ಹೆದರಿ ನಡುವೆ ನಿಂತುಬಿಟ್ಟಳು. ಮಣಿಕಟ್ಟಿನಲ್ಲಿ ಕೆಂಪು ಬೆಳಕು ಕೆಂಡದ ಹಾಗೆ ಹೊತ್ತಿಕೊಂಡಿತು.

ಈಗ ಹೋಗಬೇಕು. ಇಂಚರಮ್ಮ ಬಾಗಿಲಿಗೆ ಕೈ ಹಾಕಿದಳು.

ಅಷ್ಟರಲ್ಲಿ ಕೆಂಪಿ ಕುಕ್ಕುರುಗಾಲಲ್ಲಿ ಕೂತು ಕತ್ತಲಿದ್ದ ಮೂಲೆಯ ಕಡೆ ನೋಡಿ ಸಣ್ಣ ದನಿಯಲ್ಲಿ ಮಾತಾಡತೊಡಗಿದಳು.

"ಗುಮ್ಮಣ್ಣ, ನೀನು ಇಲ್ಲೂ ಬಂದ್ಯಾ? ಹೆದರ್ಕೋಬೇಡ. ಅದು ಪಾರಿವಾಳ. ನಮ್ಮಜ್ಜಿ ಬರ್ತಾರೆ. ನಮ್ಮಜ್ಜಿ ಯಾವತ್ತೂ ಬಿಟ್ಟು ಹೋಗಲ್ಲ."

ಇಂಚರಮ್ಮನ ಕೈ ಬಾಗಿಲ ಮೇಲೇ ನಿಂತಿತು. ನಮ್ಮಜ್ಜಿ. ಯಾವ ಅಜ್ಜಿ? ಬರ್ತಾರೆ ಅಂದಳು. ನನಗೆ ಯಾವತ್ತೂ ನೀನು, ಬರ್ತೀಯ, ಹೋಗ್ತೀಯ ಅನ್ನುವವಳು. ಇದು ಅವಳಿಗೆ ಅಂದದ್ದಾ? ಇನ್ನೊಂದು ಮಾತು ಆಡಲಿ, ಹೆಸರು ಹೇಳಲಿ. ಅದೊಂದು ಕೇಳಿಸಿಕೊಂಡು ಹೋಗುತ್ತೇನೆ. ಹೋಗಬೇಕೆಂದು ಒಂದು ಕಾಲು, ಕೇಳಬೇಕೆಂದು ಒಂದು ಕಾಲು. ಹೊಟ್ಟೆಕಿಚ್ಚಿನ ಕಿವಿ ಎಷ್ಟು ಉದ್ದ ಅಂತೀರಿ. ಅದು ಅವಳನ್ನು ಬಾಗಿಲ ಹಿಂದೆ ಕಟ್ಟಿಹಾಕಿತು.

ಕೆಂಪಿ ಹೆಸರು ಹೇಳಲಿಲ್ಲ. ನೆಲದ ಧೂಳಿನಲ್ಲಿ ಬೆರಳಿಂದ ಒಂದು ತಟ್ಟೆ ಬರೆದಳು. "ಇದು ನಿನ್ನ ಊಟ. ಉಂಡು ಮಲಕ್ಕೋ," ಅಂದಳು. ಅನ್ನುತ್ತ ಅನ್ನುತ್ತ ಅವಳ ಉಸಿರು ನಿಧಾನವಾಯಿತು. ಹಾಗೆ ನೋಡುತ್ತಿರುವಾಗಲೇ ಮಣಿಯ ಕೆಂಪು ಮಾಸಿ, ಹಳದಿಯಾಗಿ, ಹಸಿರಾಯಿತು. ಯಾರ ಮಡಿಲೂ ಇಲ್ಲದೆ, ಖಾಲಿ ಪಡಸಾಲೆಯಲ್ಲಿ.

ಸಿಕ್ಕಿದ್ದ ಅವಕಾಶ ಕೈಜಾರಿತ್ತು. ಕಿಟಕಿಯಲ್ಲಿ ಬಿಸಿಲು ಇನ್ನೂ ಇತ್ತು. ಇನ್ನೊಂದು ಸಲ ಹೆದರಿಸಲು ಹೊತ್ತಿತ್ತು. ಆದರೆ ಇಂಚರಮ್ಮನ ಮೊಣಕಾಲು ನಡುಗತೊಡಗಿದವು. ಬಾಗಿಲು ಹಿಡಿದುಕೊಳ್ಳಲು ಹೋದರೆ ಅದು ಕಿರ್ರೆಂದು ತೆರೆದುಕೊಂಡಿತು, ಅವಳು ಹೊಸಿಲ ಮೇಲೆ ಕುಸಿದು ಕೂತಳು.

"ಸಿಕ್ಕಿಬಿಟ್ಟೆ!" ಅಂತ ಕೆಂಪಿ ಓಡಿಬಂದಳು. ಹತ್ತಿರ ಬಂದು ನಿಂತು ಅಜ್ಜಿಯ ಮುಖ ನೋಡಿದಳು. ಹಣೆಯೆಲ್ಲ ಬೆವರು, ತುಟಿ ಅದುರುತ್ತಿದೆ. "ಗುಮ್ಮ ಬಂದಿದ್ನಾ? ಹೆದರ್ಕೊಂಡ್ಯಾ ಅಜ್ಜಿ?"

"ಹೂಂ ಕಣೇ," ಅಂದಳು ಇಂಚರಮ್ಮ. "ಹೆದರ್ಕೊಂಡೆ."

ಕೂತ ಅಜ್ಜಿ, ನಿಂತ ಮೊಮ್ಮಗಳು, ಇಬ್ಬರ ಎತ್ತರವೂ ಒಂದೇ ಆಗಿತ್ತು. ಕೆಂಪಿ ಅಜ್ಜಿಯ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. ಒಂದು ಕೈಯಿಂದ ಬೆನ್ನ ಮೇಲೆ ಮೇಲಿಂದ ಕೆಳಕ್ಕೆ ನಿಧಾನವಾಗಿ ಸವರಿದಳು, ಇನ್ನೊಂದು ಕೈ ಕಿವಿಯ ಹಿಂದೆ ಇಟ್ಟಳು. ನೆತ್ತಿಯ ಮೇಲೆ ಫೂ ಅಂತ ಊದಿದಳು. "ಹೋಯ್ತು, ಹೋಯ್ತು. ನಾನಿದ್ದೀನಿ, ಹೋಯ್ತು."

ಇಂಚರಮ್ಮ ಹೀಗೆ ಯಾರನ್ನೂ ಸವರಿದವಳಲ್ಲ. ಓಜಸ್ವಿಯನ್ನೂ ಹೀಗೆ ಸವರಿರಲಿಲ್ಲ. ಅಳುವ ಕೂಸಿನ ಬಾಯಿಗೆ ಬೆಲ್ಲ ಹಾಕಿ ಅವಳಿಗೆ ಗೊತ್ತು.

"ಇದನ್ನ ಯಾರೇ ಹೇಳ್ಕೊಟ್ಟಿದ್ದು?"

"ಯಾರೂ ಹೇಳ್ಕೊಡಲಿಲ್ಲ. ಮೋನಜ್ಜಿ ಹೀಗೇ ಮಾಡೋದು. ಗುಮ್ಮ ಬಂದಾಗೆಲ್ಲ."

ಒಲೆಗೆ ಎಣ್ಣೆ ಸುರಿದ ಹಾಗೆ ಹೊಟ್ಟೆಯಲ್ಲಿ ಭಗ್ಗೆಂದಿತು. ಈ ಕೈ ಅವಳದು. ಈ ಊದುವುದು ಅವಳದು. ಕೂಸಿನ ಕೈಯಿಂದ ಬಂದು ತನ್ನ ಬೆನ್ನನ್ನೇ ಮುಟ್ಟುತ್ತಿದ್ದಾಳೆ, ಆ ಕೆರೆ ದಂಡೆಯ ಹೆಂಗಸು. ಸಾಕು, ಕೈ ತೆಗಿ ಅನ್ನಬೇಕು ಅಂತ ಬಾಯಿ ತೆರೆದಳು.

ಆಗ ಅವಳಿಗೆ ತಿಳಿಯಿತು, ಮೊಣಕಾಲಿನ ನಡುಕ ನಿಂತಿತ್ತು. ಉರಿ ಹಾಗೇ ಇತ್ತು, ಒಂದು ಚೂರೂ ಕಡಿಮೆಯಾಗಿರಲಿಲ್ಲ. ಆದರೆ ಉಸಿರು ಸಮವಾಗಿತ್ತು.

"ಅಜ್ಜಿ, ಮನೆಗೆ ಹೋಗೋಣ್ವಾ?"

"ಹೋಗೋಣ ಇರು," ಅಂದಳು ಇಂಚರಮ್ಮ, ತಲೆ ಎತ್ತದೆ. "ಇನ್ನೊಂದ್ಸಲ ಊದು."